ಸಹಾಯ ಬೇಕು: ತಿರ್ಹುತಾ ಅಂಕಿಗಳನ್ನು ಕೆಡದಂತೆ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬಿಹಾರದ ದರಭಂಗಾದ ಸಹೋದ್ಯೋಗಿಯೊಬ್ಬರ ಮನೆಯಲ್ಲಿರುವ ಪಂಜಿಯನ್ನು, ಅಂದರೆ ಮಿಥಿಲೆಯ ಕುಟುಂಬಗಳ ವಂಶಾವಳಿಯ ದಾಖಲೆಯನ್ನು, ಮೂಲ ಲಿಪಿಯಲ್ಲೇ ಗಣಕಕ್ಕೆ ಏರಿಸಲು ನಾನು ನೆರವಾಗುತ್ತಿದ್ದೇನೆ. ಮೈಥಿಲಿಯನ್ನು ಇಂದು ಹೆಚ್ಚಾಗಿ ದೇವನಾಗರಿಯಲ್ಲಿ ಬರೆಯುತ್ತಾರಾದರೂ ಈ ಹಾಳೆಗಳೆಲ್ಲ ತಿರ್ಹುತಾ ಲಿಪಿಯಲ್ಲಿವೆ. ಮಿಥಿಲಾಕ್ಷರವೆಂದೂ ಇದನ್ನು ಕರೆಯುತ್ತಾರೆ.

ತೊಂದರೆ ಇರುವುದು ಅಂಕಿಗಳಲ್ಲಿ. 2014ರಲ್ಲಿ, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನ 7.0 ಆವೃತ್ತಿಯಲ್ಲಿ ಈ ಲಿಪಿ ಸೇರಿದಾಗ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ, ದಶಮಾನದಲ್ಲಿ ಹೇಳುವುದಾದರೆ, 70864ರಿಂದ 70873ರವರೆಗಿನ ಸಂಕೇತಗಳು ದೊರೆತವು. ನಮ್ಮ ಕನ್ನಡ ಅಂಕಿಗಳು 3302ರಿಂದ 3311ರೊಳಗಿರುವುದರಿಂದ, ಈ ಸಂಖ್ಯೆಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್‌ಗಳಲ್ಲಿ ಮುಗಿಯುತ್ತವೆ. ಮೂರು ಬೈಟ್‌ಗಳ ಮಿತಿಯಾದ 65535ನ್ನು ದಾಟಿದ ತಿರ್ಹುತಾ ಅಂಕಿಗೆ ನಾಲ್ಕು ಬೈಟ್ ಬೇಕು. ನಾವು ಬಳಸುತ್ತಿರುವ ಹಳೆಯ ಡೇಟಾಬೇಸ್ ಮೂರಕ್ಕಿಂತ ಹೆಚ್ಚು ಬೈಟ್‌ಗಳನ್ನು ಒಪ್ಪದೆ, ಮೊದಲ ಅಕ್ಷರದಲ್ಲೇ ಸಾಲನ್ನು ಕತ್ತರಿಸಿಬಿಡುತ್ತದೆ. ಇದಕ್ಕೆ ಕೋಷ್ಟಕದ ಎನ್‌ಕೋಡಿಂಗ್ ಬದಲಿಸುವುದೇ ಮದ್ದೆಂದು ತಿಳಿದಿದೆ.

ನನಗೆ ನಿಜವಾಗಿ ತಿಳಿಯದಿರುವುದು ಬೇರೆ. ಈ ಮೊದಲು ಬೆರಳಚ್ಚು ಮಾಡಿದವರು, ಬಹುಶಃ ಕೀಲಿಮಣೆ ಸಿಗದೆ, ಕೆಲವು ಪುಟಗಳಲ್ಲಿ ಬಂಗಾಳಿ ಅಂಕಿಗಳನ್ನೇ ಬಳಸಿದ್ದಾರೆ. ಅವುಗಳನ್ನು ಒಂದೊಂದಾಗಿ ತಿರ್ಹುತಾ ಅಂಕಿಗೆ ಬದಲಿಸುವುದು ಸುಲಭ, ಆದರೆ ಟಿಪ್ಪಣಿಗಳಲ್ಲಿ ನಿಜವಾದ ಬಂಗಾಳಿ ಬರಹವೂ ಇದೆ. ಅಕ್ಕಪಕ್ಕದ ಅಕ್ಷರಗಳ ಲಿಪಿಯನ್ನು ನೋಡಿ ಅಂಕಿಯನ್ನು ಪರಿವರ್ತಿಸುವ ಪೈಥಾನ್ ಕ್ರಮವನ್ನು ಯಾರಾದರೂ ಬರೆದಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಅಂಕಿಗಳು ಮಾತ್ರವೇ ಇರುವ ಸಾಲುಗಳನ್ನು ಹೇಗೆ ನಿರ್ಧರಿಸುತ್ತೀರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.