ಬೆಚ್ಚಗೂ ಹಸಿಯಾಗಿಯೂ ಇರುವ ಗಾಳಿಗೆ ಯಾವ ಪದ?

ಮಾನ್ಯರೆ,

ಅಮೆರಿಕದಲ್ಲಿ ನೆಲೆಸಿರುವ ಕೆಲವು ಕನ್ನಡ ಮನೆಗಳಿಗಾಗಿ ಆಮೆಮರಿ ಸಾಕುವ ಬಗೆಯನ್ನು ತಿಳಿಸುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಕ್ಕಳು ಶಾಲೆಗೂ ಅಪ್ಪ ಅಮ್ಮ ಕೆಲಸಕ್ಕೂ ಹೋದ ಮೇಲೆ ಮರಿಗಳನ್ನು ನೋಡಿಕೊಳ್ಳುವವರು ಊರಿನಿಂದ ಬಂದಿರುವ ಅಜ್ಜ ಅಜ್ಜಿಯರು. ಆದ್ದರಿಂದ ಅದು ಕನ್ನಡದಲ್ಲಿರಬೇಕು, ಅದರಲ್ಲೂ ಅವರು ದಿನವೂ ಆಡುವ ಮಾತಿನಲ್ಲಿರಬೇಕು. ಗೂಡಿನೊಳಗಿನ ಗಾಳಿ ಬೆಚ್ಚಗೂ ಇರಬೇಕು, ಹಸಿಯಾಗಿಯೂ ಇರಬೇಕು ಎಂಬುದನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ.

ನಾನು ಹೇಳುತ್ತಿರುವುದು ಸಲ್ಕಾಟಾ ಎಂಬ ಆಫ್ರಿಕದ ನೆಲದಾಮೆಯ ವಿಷಯ. ನಮ್ಮ ನಕ್ಷತ್ರ ಆಮೆಯನ್ನು ಭಾರತದಲ್ಲಿ ಮನೆಯಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದನ್ನು ಓದಿ ಊರಿನಲ್ಲಿ ಯಾರೂ ಹೊಲದ ಬದುವಿನಿಂದ ಆಮೆಯನ್ನು ಎತ್ತಿ ತರಬಾರದೆಂದು ಕೈಮುಗಿದು ಕೇಳುತ್ತೇನೆ.

ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ. ಒಣ ನಾಡಿನದು ಒಣಗಿಯೇ ಇರಲಿ ಎಂದು ಸಾಕುವವರು ಬಹುಕಾಲ ಅದನ್ನು ಒಣ ಹಾಸಿನ ಮೇಲೆ, ಉರಿಯುವ ದೀಪದ ಕೆಳಗೆ ಬೆಳೆಸಿದರು. ಹಾಗೆ ಬೆಳೆದ ಮರಿಗಳ ಬೆನ್ನಿನ ಬಿಲ್ಲೆಗಳು ಸಮನಾಗಿ ಹರಡದೆ ಒಂದೊಂದೂ ದಿಬ್ಬದಂತೆ ಮೇಲೆದ್ದವು. ಹೆಚ್ಚು ಪ್ರೋಟೀನು ತಿನ್ನಿಸಿದ್ದೇ ಇದಕ್ಕೆ ಕಾರಣವೆಂದು ಹಲವರು ನಂಬಿದ್ದರು. ಆದರೆ ಆಸ್ಟ್ರಿಯದ ಸಂಶೋಧಕರು ಇದೇ ಸಲ್ಕಾಟಾ ಮರಿಗಳನ್ನು ಬೇರೆ ಬೇರೆ ಗಾಳಿಯಲ್ಲಿಯೂ ಬೇರೆ ಬೇರೆ ಆಹಾರದಲ್ಲಿಯೂ ಬೆಳೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದ ಪ್ರೋಟೀನಿಗಿಂತ ಗಾಳಿಯ ಒಣತನವೇ ಚಿಪ್ಪಿನ ಉಬ್ಬಿಗೆ ಬಹಳ ಹೆಚ್ಚಿನ ಕಾರಣವೆಂದು ಕಂಡುಬಂದಿತು. ಕಾಡಿನಲ್ಲಿಯೂ ಈ ಆಮೆ ಬಿಸಿಲಿನ ಹೊತ್ತನ್ನು ಕಳೆಯುವುದು ನೆಲದೊಳಗಿನ ಬಿಲದಲ್ಲಿ, ಮತ್ತು ಬಿಲದೊಳಗಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ.

ಈಗಿನ ರೂಢಿಯಂತೆ ಮರಿಗಳಿಗೆ ಮುಚ್ಚಳವಿರುವ ಗೂಡು ಕಟ್ಟುತ್ತಾರೆ. ಅಡಿಯಲ್ಲಿ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಹಾಸಿ, ಮೇಲಿನಿಂದ ಚಿಮುಕಿಸದೆ, ಮೂಲೆಗಳಲ್ಲಿ ನೀರು ಸುರಿಯುತ್ತಾರೆ. ನೀರು ತಳಕ್ಕಿಳಿದು ಅಲ್ಲಿಂದ ನಿಧಾನವಾಗಿ ಮೇಲೇಳುತ್ತದೆ. ಮೇಲಿನ ಪದರ ನೋಡುವುದಕ್ಕೆ ತಿಳಿಗಂದು ಬಣ್ಣದ ಒಣ ಪುಡಿ, ಬೆರಳು ಒಂದು ಗೆಣ್ಣಿನಷ್ಟು ಇಳಿದರೆ ಕಪ್ಪುಗಂದಾದ ತಣ್ಣನೆಯ ಹಸಿ. ನೆರಳಿಗೆ ದಾಸವಾಳದ ಎಳೆಗಿಡ, ಜರಿಗಿಡ, ಸ್ಪೈಡರ್ ಪ್ಲಾಂಟ್ ನೆಡಬಹುದು. ಮನಿಪ್ಲಾಂಟ್ ಎಷ್ಟೇ ಸೊಂಪಾಗಿ ಹಬ್ಬಿದರೂ ಬೇಡ, ಅದರ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಬಾಯಿಯನ್ನು ಕೆರಳಿಸುತ್ತವೆ. ದೀಪದ ಕೆಳಗೆ ಸುಮಾರು 35 ಡಿಗ್ರಿ, ರಾತ್ರಿಯಲ್ಲಿಯೂ 26ಕ್ಕೆ ಇಳಿಯದಂತೆ ಕಾವು, ಗಾಳಿಯಲ್ಲಿ ಶೇಕಡಾ 80ರಷ್ಟು ತೇವ. ಹೀಗೆ ಬೆಳೆಯುವ ಮರಿಯ ಬಿಲ್ಲೆಗಳ ನಡುವೆ ಹೊಸ ಬೆಳವಣಿಗೆ ಬಿಳಿಯ ಗೆರೆಯಾಗಿ, ಹಳೆಯದಕ್ಕೆ ಸಮನಾಗಿ ಕೂಡಿಕೊಳ್ಳುವುದನ್ನು ಕಣ್ಣಾರೆ ನೋಡಬಹುದು.

ಪದದ ತೊಡಕು ಇಲ್ಲಿಯೇ ಹುಟ್ಟುತ್ತದೆ. ನೆಲದ ಮೇಲ್ಪದರ ಒದ್ದೆಯಾದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯಬಹುದು. ಗಾಳಿ ಹಸಿಯಾಗಿದ್ದು ಕಾವು ತಗ್ಗಿದರೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ‘ತೇವಾಂಶ’ ಎಂದು ಬರೆದರೆ, ಹೊಲದ ಮಣ್ಣಿನ ಸಂಬಂಧದಲ್ಲಿಯೇ ಆ ಪದವನ್ನು ಕೇಳಿರುವ ಹಿರಿಯರು ಗಾಳಿಯನ್ನು ಮರೆತು ನೆಲಕ್ಕೆ ನೀರು ಹಾಕಿಯಾರು. ‘ತಂಪಾಗಿಡಿ’ ಎಂದರೆ ಇನ್ನೂ ಅಪಾಯ, ದೀಪವನ್ನೇ ಆರಿಸಿಯಾರು. ತಂಪು, ಥಂಡಿ, ಶೀತ ಈ ಮೂರೂ ನಮ್ಮ ಬಳಕೆಯಲ್ಲಿ ಹಸಿಯನ್ನು ಚಳಿಯ ಜೊತೆಗೇ ತರುತ್ತವೆ. ಗೋಡೆಗೆ ಶೀತ ಹಿಡಿದಿದೆ ಎಂದರೆ ನೀರು ಜಿನುಗಿದೆ ಎಂದೂ ಅರ್ಥ, ಮುಟ್ಟಿದರೆ ತಣ್ಣಗಿದೆ ಎಂದೂ ಅರ್ಥ. ‘ಆರ್ದ್ರತೆ’ ಪಠ್ಯಪುಸ್ತಕದ ಮಟ್ಟಿಗೆ ನಿಖರವಾದ ಪದ, ಆದರೆ ಅಡುಗೆಮನೆಯಿಂದ ಬಂದು ಗೂಡಿನೊಳಗೆ ಇಣುಕುವ ಅಜ್ಜಿಗೆ ಅದು ಏನನ್ನೂ ಹೇಳುವುದಿಲ್ಲ.

ನೆಲದ ಹಾಸಿನ ಮಟ್ಟಿಗೆ ‘ಹಸಿ’ ಮತ್ತು ‘ಹದ’ ಸಾಕೆಂದು ತೀರ್ಮಾನಿಸಿದ್ದೇನೆ. ಬಿತ್ತನೆಗೆ ತಕ್ಕ ನೆಲಕ್ಕೆ ಹೇಳುವ ‘ಬೆದೆ’ ಎಷ್ಟೋ ಹೆಚ್ಚು ಒಪ್ಪುವ ಮಾತು, ಆದರೆ ಬೆದೆಗೆ ಬರುವುದು ಎಂದರೆ ಹಸು ಎಮ್ಮೆಗಳ ವಿಷಯದಲ್ಲಿ ಬೇರೆಯೇ ಅರ್ಥವಿರುವುದರಿಂದ, ಪ್ರಾಣಿ ಸಾಕಣೆಯ ಬರಹದಲ್ಲಿ ಅದನ್ನು ತರಲು ಮನಸ್ಸಾಗಲಿಲ್ಲ. ವಾಸದ ಜಾಗಕ್ಕೆ ‘ಗೂಡು’ ಎಂದೇ ಬರೆದಿದ್ದೇನೆ. ‘ತೊಟ್ಟಿ’ ಎಂದರೆ ನೀರು ತುಂಬುವ ಪಾತ್ರೆ ನೆನಪಾಗುತ್ತದೆ, ನೆಲದಾಮೆಗೆ ಈಜು ಬಾರದು.

ಗಾಳಿಗೆ ನನಗೆ ಹೊಳೆದಿರುವ ಪದ ‘ಸೆಕೆ’. ಮಂಗಳೂರು, ಉಡುಪಿ, ಕುಂದಾಪುರದ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ಎಂದು ಹೇಳುವಾಗ ಬೆವರು ಆರದ, ಮೈಗೆ ಅಂಟುವ ಬಿಸಿಯನ್ನೇ ಹೇಳುತ್ತಾರೆ. ಮರಿಗೆ ಬೇಕಾದ ಗಾಳಿಯೂ ಅದೇ. ಬಿಸಿಲುನಾಡಿನ ಧಗೆ, ಝಳ ಎಂಬ ಮಾತುಗಳು ಒಣ ಬಿಸಿಗೆ ಸಲ್ಲುತ್ತವೆಯಾದ್ದರಿಂದ, ‘ಗೂಡಿನಲ್ಲಿ ಧಗೆ ಬೇಡ, ಸೆಕೆ ಇರಲಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದೆನಿಸುತ್ತದೆ. ಇದಕ್ಕೆ ಎರಡು ಅಡ್ಡಿಗಳು ಕಾಣುತ್ತವೆ. ಸೆಕೆ ಎಂಬುದು ಮನುಷ್ಯನ ಮೈಗೆ ಅನಿಸುವ ಕಸಿವಿಸಿ, ಮಾಪಕದಲ್ಲಿ ಓದುವ ಅಳತೆಯಲ್ಲ. ಅಳತೆಯ ಮಾತು ಬಂದಲ್ಲಿ ‘ಗಾಳಿಯ ತೇವ’ ಎಂದು ಬಿಡಿಸಿ ಬರೆದು ಈ ಅಡ್ಡಿಯನ್ನು ದಾಟಬಹುದು. ಎರಡನೆಯದು ದೊಡ್ಡದು: ಘಟ್ಟದ ಮೇಲಿನ ಅನೇಕರು ಸೆಕೆ ಎಂಬುದನ್ನು ಬರಿಯ ಬಿಸಿ ಎಂಬ ಅರ್ಥದಲ್ಲಿ ಬಳಸುವುದನ್ನು ಕೇಳಿದ್ದೇನೆ. ಅವರ ಕೈಗೆ ಈ ಸಾಲು ಸಿಕ್ಕರೆ ಅರ್ಥ ತಲೆಕೆಳಗಾಗುತ್ತದೆ.

ಆದ್ದರಿಂದ ತಿಳಿದವರಲ್ಲಿ ನನ್ನ ವಿನಂತಿ ಇಷ್ಟು. ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆ ಸೆಕೆ ಎಂಬ ಮಾತು ಬಳಕೆಯಲ್ಲಿದೆಯೇ, ಇದ್ದರೆ ಅದಕ್ಕೆ ಹಸಿಯ ಅರ್ಥವಿದೆಯೇ? ಮಳೆ ಬರುವ ಮುಂಚೆ ಗಾಳಿಯಾಡದೆ ಮೈ ಬೆವರುವ ಹೊತ್ತಿಗೆ ಮೈಸೂರು, ಹಾಸನ, ಚಿತ್ರದುರ್ಗದ ಹಳ್ಳಿಗಳಲ್ಲಿ ಬೇರೆ ಯಾವ ಮಾತನ್ನು ಆಡುತ್ತಾರೆ? ಮಾತನ್ನು ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ಬರೆಯಿರಿ.