ಜಿಸಿಎಸ್‌ಇಯಲ್ಲಿ ಫ್ರೆಂಚ್ ಮತ್ತು ಜರ್ಮನ್ ಎರಡನ್ನೂ ತೆಗೆದುಕೊಳ್ಳಬಹುದೇ?

ಪ್ರಶ್ನೆ: ರೆಡಿಂಗ್‌ನಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಹಾಸನದವರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮಗಳು ಇಲ್ಲಿನ ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಇಯರ್ 9ರಲ್ಲಿ ಓದುತ್ತಿದ್ದಾಳೆ. ಮುಂದಿನ ಎರಡು ವರ್ಷ ಜಿಸಿಎಸ್‌ಇಗೆ (ಇಯರ್ 11ರ ಕೊನೆಗೆ, ಹದಿನಾರರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) ಯಾವ ವಿಷಯಗಳನ್ನು ಓದಬೇಕೆಂದು ತಿಳಿಸುವ ಆಪ್ಷನ್ಸ್ ಅರ್ಜಿಯನ್ನು ಈ ತಿಂಗಳ ಕೊನೆಯೊಳಗೆ ಕೊಡಬೇಕಾಗಿದೆ. ಇಂಗ್ಲಿಷ್ ಭಾಷೆ, ಇಂಗ್ಲಿಷ್ ಸಾಹಿತ್ಯ, ಗಣಿತ ಮತ್ತು ವಿಜ್ಞಾನ ಎಲ್ಲರಿಗೂ ಇವೆ. ಉಳಿದ ನಾಲ್ಕು ಸ್ಥಾನಗಳಲ್ಲಿ ಒಂದು ಇತಿಹಾಸಕ್ಕೆ ಅಥವಾ ಭೂಗೋಳಕ್ಕೆ, ಇನ್ನೊಂದು ಯಾವುದಾದರೂ ವಿದೇಶಿ ಭಾಷೆಗೆ ಮೀಸಲು ಎಂಬುದು ಈ ಶಾಲೆಯ ನಿಯಮ. ಮಿಕ್ಕ ಎರಡನ್ನು ಮಕ್ಕಳ ಇಚ್ಛೆಗೆ ಬಿಟ್ಟಿದ್ದಾರೆ.

ಅವಳು ಇಯರ್ 7ರಿಂದ ಫ್ರೆಂಚ್, ಇಯರ್ 8ರಿಂದ ಜರ್ಮನ್ ಕಲಿಯುತ್ತಿದ್ದಾಳೆ. ಎರಡನ್ನೂ ಮುಂದುವರಿಸುತ್ತೇನೆ ಎನ್ನುತ್ತಾಳೆ. ಇತಿಹಾಸ, ಫ್ರೆಂಚ್, ಜರ್ಮನ್ ಆದ ಮೇಲೆ ಉಳಿಯುವುದು ಒಂದೇ ಸ್ಥಾನ. ಅದಕ್ಕೆ ಕಂಪ್ಯೂಟರ್ ಸೈನ್ಸ್ ಇರಲೇಬೇಕೆಂಬುದು ನಮ್ಮ ಯಜಮಾನರ ಅಭಿಪ್ರಾಯ, ಚಿತ್ರಕಲೆಯನ್ನು ಬಿಡಲಾರೆನೆಂಬುದು ಅವಳ ಹಟ. ಎರಡನೆಯ ಭಾಷೆಯನ್ನು ಕೈಬಿಟ್ಟರೆ ಎಲ್ಲವೂ ಸರಿಹೋಗುತ್ತದೆ, ಆದರೆ ಅವಳ ಮುಖ ನೋಡಿದರೆ ಹಾಗೆ ಹೇಳಲು ನನಗೆ ಮನಸ್ಸಾಗುತ್ತಿಲ್ಲ.

ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಭಾಷೆಗಳನ್ನು ಓದಿದವರು; 625 ಅಂಕಗಳಲ್ಲಿ 325 ಭಾಷೆಗಳಿಗೇ ಸೇರಿದ್ದರೂ ಅದನ್ನು ಯಾರೂ ಹೊರೆ ಎಂದುಕೊಳ್ಳಲಿಲ್ಲ. ಹೀಗಿರುವಾಗ ಇಲ್ಲಿನ ಮಕ್ಕಳಿಗೆ ಎರಡು ಭಾಷೆ ಹೆಚ್ಚಾಯಿತು ಎನ್ನುವುದು ಹೇಗೆ ಎಂದು ಒಮ್ಮೆ ಅನ್ನಿಸುತ್ತದೆ. ಮತ್ತೊಂದು ಕಡೆ, ಅವಳು ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಶನಿವಾರದ ಕನ್ನಡ ತರಗತಿಗೂ ಹೋಗುತ್ತಾಳೆ. ಈಗಷ್ಟೇ ಒತ್ತಕ್ಷರಗಳು ಕೈಗೆ ಹತ್ತಿವೆ. ಇನ್ನೊಂದು ಭಾಷೆಯ ಪರೀಕ್ಷೆ ಎದುರಾದರೆ ಎಲ್ಲಕ್ಕಿಂತ ಮೊದಲು ಬಿಟ್ಟುಹೋಗುವುದು ಕನ್ನಡವೇ ಎಂಬ ಅಳುಕು ನನಗಿದೆ. ಮಕ್ಕಳಿಗೆ ಎರಡು ಭಾಷೆಗಳನ್ನು ಓದಿಸಿದವರು ಮತ್ತು ಇಲ್ಲಿನ ಶಾಲೆಗಳಲ್ಲಿ ಪಾಠ ಮಾಡುವವರು ದಯವಿಟ್ಟು ತಿಳಿಸಿ: ಇದು ನಿಜವಾಗಿಯೂ ಎಷ್ಟು ಕೆಲಸ? ಮುಂದೆ ಇದರಿಂದ ಪ್ರಯೋಜನವಿದೆಯೇ?

ಉತ್ತರ: ಲೀಡ್ಸ್‌ನ ಭಾಷಾ ಶಿಕ್ಷಕಿ

ತಾನಾಗಿಯೇ ಎರಡು ಭಾಷೆಗಳನ್ನು ಬೇಕೆಂದು ಕೇಳುವ ಮಕ್ಕಳು ಈಗ ಅಪರೂಪ, ಆದ್ದರಿಂದ ತಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಇಂಗ್ಲೆಂಡಿನಲ್ಲಿ 2004ರವರೆಗೆ ಹದಿನಾರನೆಯ ವಯಸ್ಸಿನ ತನಕ ಒಂದು ವಿದೇಶಿ ಭಾಷೆ ಕಡ್ಡಾಯವಾಗಿತ್ತು. ಹದಿನಾಲ್ಕರ ನಂತರ ಅದನ್ನು ಐಚ್ಛಿಕಗೊಳಿಸಿದ ಮೇಲೆ ಭಾಷಾ ತರಗತಿಗಳು ಸೊರಗುತ್ತ ಬಂದವು. ಅವುಗಳಲ್ಲೂ ಜರ್ಮನ್ನಿನ ಸ್ಥಿತಿ ತೀರ ಕಳವಳಕಾರಿಯಾಗಿದೆ. ಹೀಗಾಗಿ ಮನೆಯಲ್ಲಿ ಚರ್ಚೆ ಮುಂದುವರಿಸುವ ಮೊದಲು ಶಾಲೆಯನ್ನು ಎರಡು ವಿಚಾರ ಕೇಳಿ. ಇಯರ್ 10ರಲ್ಲಿ ಜರ್ಮನ್ ತರಗತಿ ನಡೆಸಲು ಬೇಕಾದಷ್ಟು ಮಕ್ಕಳು ಸೇರುವ ನಿರೀಕ್ಷೆ ಇದೆಯೇ? ವೇಳಾಪಟ್ಟಿಯಲ್ಲಿ ಎರಡೂ ಭಾಷೆಗಳು ಬೇರೆ ಬೇರೆ ಆಪ್ಷನ್ ಬ್ಲಾಕ್‌ಗಳಲ್ಲಿವೆಯೇ? ಒಂದೇ ಬ್ಲಾಕ್‌ನಲ್ಲಿದ್ದರೆ ಎರಡೂ ಪಾಠಗಳು ಒಂದೇ ವೇಳೆಗೆ ಬರುವುದರಿಂದ ಆಯ್ಕೆಯ ಪ್ರಶ್ನೆಯೇ ಉಳಿಯುವುದಿಲ್ಲ. ಕೆಲವು ಶಾಲೆಗಳು ಎರಡನೆಯ ಭಾಷೆಯನ್ನು ಶಾಲಾ ಅವಧಿ ಮುಗಿದ ಮೇಲೆ ಕಲಿಸುತ್ತವೆ, ಅದಕ್ಕೆ ದೊರೆಯುವ ಪಾಠದ ಗಂಟೆಗಳು ಕಡಿಮೆ. ಇದನ್ನೂ ವಿಚಾರಿಸಿಕೊಳ್ಳಿ.

ಇನ್ನು ಕೆಲಸದ ಪ್ರಮಾಣ. ಫ್ರೆಂಚ್, ಜರ್ಮನ್ ಮತ್ತು ಸ್ಪ್ಯಾನಿಷ್‌ಗಳಿಗೆ 2024ರ ಸೆಪ್ಟೆಂಬರ್‌ನಿಂದ ಹೊಸ ಪಠ್ಯಕ್ರಮ ಬಂದಿದ್ದು, ಅದರ ಮೊದಲ ಪರೀಕ್ಷೆ 2026ರ ಬೇಸಿಗೆಯದು. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು ಈ ನಾಲ್ಕಕ್ಕೂ ತಲಾ ಶೇಕಡಾ 25ರಷ್ಟು ಅಂಕಗಳು. ಕಲಿಯಬೇಕಾದ ಪದಗಳ ಪಟ್ಟಿಯನ್ನು ಮೊದಲೇ ಕೊಡುತ್ತಾರೆ: ಸುಲಭವಾದ ಫೌಂಡೇಷನ್ ಹಂತಕ್ಕೆ ಸುಮಾರು 1200, ಕಠಿಣವಾದ ಹೈಯರ್ ಹಂತಕ್ಕೆ ಸುಮಾರು 1700. ಎರಡು ಭಾಷೆಗಳೆಂದರೆ ಈ ಪಟ್ಟಿಯೂ ಎರಡು. ಮಾತಿನ ಪರೀಕ್ಷೆಗಳು ಇಯರ್ 11ರ ಏಪ್ರಿಲ್, ಮೇ ಹೊತ್ತಿಗೆ, ಅಂದರೆ ಎರಡೂ ಭಾಷೆಗಳಿಗೆ ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಬರುತ್ತವೆ. ನನ್ನ ತರಗತಿಯ ಮಕ್ಕಳಿಗೆ ನಿಜಕ್ಕೂ ಕಷ್ಟವಾಗುವುದು ಆ ಕೆಲವು ವಾರಗಳು ಮಾತ್ರ. ವರ್ಷವಿಡೀ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಪದಗಳನ್ನು ಕಲಿತವರು ಅದನ್ನೂ ದಾಟುತ್ತಾರೆ. ಫೆಬ್ರವರಿಯ ರಜೆಯಲ್ಲಿ ಒಟ್ಟಿಗೆ ಕಲಿಯುತ್ತೇನೆಂದು ಮುಂದೂಡಿದವರಿಗೆ ಎರಡು ಭಾಷೆ ಖಂಡಿತ ಹೊರೆಯಾಗುತ್ತದೆ. ಎರಡೂ ಒಂದೇ ಪರೀಕ್ಷಾ ಮಂಡಳಿಯವಾಗಿದ್ದರೆ ವಿಷಯವಸ್ತುಗಳೂ ಪ್ರಶ್ನೆಗಳ ಸ್ವರೂಪವೂ ಒಂದೇ ಆಗಿರುತ್ತವೆ. ಆಗ ಎರಡನೆಯ ಭಾಷೆಗೆ ಬೇಕಾಗುವ ಶ್ರಮ ಎರಡು ಪಟ್ಟಾಗುವುದಿಲ್ಲ.

ಹೊಸ ಪರೀಕ್ಷೆಯಲ್ಲಿ ಉಕ್ತಲೇಖನ ಮತ್ತು ಗಟ್ಟಿಯಾಗಿ ಓದುವುದು ಸೇರಿಕೊಂಡಿವೆ. ಇದು ಫ್ರೆಂಚ್‌ನಲ್ಲಿ ಹೇಗೆ ಕಾಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ನಾನು ಮಾತನಾಡುತ್ತೇನೆ’, ‘ನೀನು ಮಾತನಾಡುತ್ತೀಯೆ’, ‘ಅವರು ಮಾತನಾಡುತ್ತಾರೆ’ ಎಂಬ ಮೂರರಲ್ಲೂ ಕ್ರಿಯಾಪದದ ಉಚ್ಚಾರಣೆ ‘ಪಾರ್ಲ್’ ಎಂದೇ. ಬರೆಯುವಾಗ ಮಾತ್ರ ಮೊದಲನೆಯದು ಇ, ಎರಡನೆಯದು ಇ-ಎಸ್, ಮೂರನೆಯದು ಇ-ಎನ್-ಟಿ ಎಂದು ಕೊನೆಗೊಳ್ಳುತ್ತದೆ. ಕಿವಿಗೆ ಕೇಳಿಸದ ಈ ಅಕ್ಷರಗಳನ್ನು ವ್ಯಾಕರಣದ ತಿಳಿವಳಿಕೆಯಿಂದಲೇ ಬರೆಯಬೇಕು. ಜರ್ಮನ್‌ನಲ್ಲಿ ಈ ತೊಡಕು ಬಹಳ ಕಡಿಮೆ, ಅಲ್ಲಿನ ಕಷ್ಟ ಲಿಂಗ ಮತ್ತು ವಿಭಕ್ತಿಗಳದ್ದು. ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕಲಿಂಗ. ಕನ್ನಡದಲ್ಲಿರುವಂತೆ ಅರ್ಥವನ್ನು ನೋಡಿ ಲಿಂಗವನ್ನು ಊಹಿಸಲು ಬರುವುದಿಲ್ಲ. ಆದರೆ ಕಾರಣ ಹೇಳುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದನ್ನು ಕಂಡು ಇಂಗ್ಲಿಷ್ ಮಕ್ಕಳು ತಬ್ಬಿಬ್ಬಾಗುವ ಕಡೆ, ಮನೆಯಲ್ಲಿ ಕನ್ನಡ ಮಾತನಾಡುವ ಮಗುವಿಗೆ ಅದು ಹೊಸದೆನ್ನಿಸುವುದಿಲ್ಲ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಒಟ್ಟಿಗೆ ಓದುವವರು ಒಂದರ ಪದವನ್ನು ಇನ್ನೊಂದರಲ್ಲಿ ಬರೆದುಬಿಡುವುದು ಸಾಮಾನ್ಯ. ಫ್ರೆಂಚ್ ಮತ್ತು ಜರ್ಮನ್ ಅಷ್ಟು ಹತ್ತಿರದವಲ್ಲವಾದ್ದರಿಂದ ಆ ಗೊಂದಲವೂ ಕಡಿಮೆ.

ಎಸ್ಸೆಸ್ಸೆಲ್ಸಿಯ ಹೋಲಿಕೆಯನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ನಮಗೆ ಹಿಂದಿ ಮತ್ತು ಇಂಗ್ಲಿಷ್ ಪುಸ್ತಕದ ಹೊರಗೂ ಸಿಗುತ್ತಿದ್ದವು: ದೂರದರ್ಶನದಲ್ಲಿ, ರೈಲು ನಿಲ್ದಾಣದ ಫಲಕದಲ್ಲಿ, ಚಿತ್ರಗೀತೆಗಳಲ್ಲಿ. ರೆಡಿಂಗ್‌ನ ಬೀದಿಯಲ್ಲಿ ಜರ್ಮನ್ ತಾನಾಗಿ ಕಿವಿಗೆ ಬೀಳುವುದಿಲ್ಲ. ವಾರದ ಕೆಲವೇ ಪಾಠಗಳಲ್ಲಿ ಕಲಿತದ್ದನ್ನು ಮನೆಯಲ್ಲಿ ಕೇಳಿ, ಓದಿ ಉಳಿಸಿಕೊಳ್ಳಬೇಕಾಗುತ್ತದೆ.

ಅಂಕಗಳ ಬಗ್ಗೆಯೂ ಒಂದು ಮಾತು. ಫ್ರೆಂಚ್ ಮತ್ತು ಜರ್ಮನ್‌ಗಳಲ್ಲಿ ಗ್ರೇಡ್ ಕೊಡುವುದು ಬಿಗಿಯಾಗಿದೆ ಎಂಬ ಶಿಕ್ಷಕರ ದೂರು ಹಳೆಯದು. ಪರೀಕ್ಷಾ ನಿಯಂತ್ರಕ ಸಂಸ್ಥೆಯಾದ ಆಫ್‌ಕ್ವಾಲ್ 2019ರಲ್ಲಿ ಅದನ್ನು ಪರಿಶೀಲಿಸಿ, ಈ ಎರಡರ ಮಟ್ಟವನ್ನು ಸ್ಪ್ಯಾನಿಷ್‌ಗೆ ಸರಿಹೊಂದಿಸಲು ತೀರ್ಮಾನಿಸಿತು. ಇಬ್ಯಾಕ್‌ಗಾಗಿ (ಇಂಗ್ಲಿಷ್, ಗಣಿತ, ವಿಜ್ಞಾನ, ಭಾಷೆ ಮುಂತಾದ ಮುಖ್ಯ ವಿಷಯಗಳ ಗುಂಪು) ಎರಡು ಭಾಷೆ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. 2010ರಲ್ಲಿ ಬಂದ ಆ ಅಳತೆಗೋಲಿಗೆ ಒಂದೇ ಭಾಷೆ ಸಾಕಾಗಿತ್ತು, ಅದೂ ಶಾಲೆಯನ್ನು ಅಳೆಯಲು ಇದ್ದದ್ದು. ಅದನ್ನು ಕೈಬಿಡುವುದಾಗಿ ಸರ್ಕಾರವೇ 2025ರ ನವೆಂಬರ್‌ನಲ್ಲಿ ತಿಳಿಸಿದೆ. ತಮ್ಮ ಮಗಳು ಎರಡನ್ನೂ ಇಷ್ಟಪಟ್ಟು ಕೇಳುತ್ತಿದ್ದಾಳೆ, ಆ ಕಾರಣ ನನಗೆ ಸಾಕು. ಶಾಲೆಯಲ್ಲಿ ಅನುಕೂಲವಿದ್ದರೆ ಎರಡನ್ನೂ ಓದಲು ಬಿಡಿ.

ಉತ್ತರ: ಮಿಲ್ಟನ್ ಕೀನ್ಸ್‌ನ ತಂದೆ

ಮೇಡಂ ಅವರ ಮಾತುಗಳನ್ನು ಒಪ್ಪಿಕೊಂಡೇ ಬೇರೆ ಒಂದು ಕಡೆಗೆ ಗಮನ ಸೆಳೆಯುತ್ತೇನೆ. ನಮ್ಮ ಮಗ ಫ್ರೆಂಚ್ ಮತ್ತು ಸ್ಪ್ಯಾನಿಷ್ ಜೊತೆಗೆ ಚಿತ್ರಕಲೆಯನ್ನೂ ಓದಿದ. ನಮ್ಮ ಮನೆಯ ಸಂಜೆಗಳನ್ನೂ ಶನಿವಾರ, ಭಾನುವಾರಗಳನ್ನೂ ನುಂಗಿದ್ದು ಭಾಷೆಗಳಲ್ಲ, ಚಿತ್ರಕಲೆ. ಆ ವಿಷಯದಲ್ಲಿ ಶೇಕಡಾ 60 ಅಂಕಗಳು ಎರಡು ವರ್ಷಗಳ ಅವಧಿಯಲ್ಲಿ ಕಟ್ಟಬೇಕಾದ ಪೋರ್ಟ್‌ಫೋಲಿಯೊಗೆ. ಉಳಿದ ಶೇಕಡಾ 40 ಮಂಡಳಿ ಕೊಡುವ ವಿಷಯದ ಮೇಲಿನ ಕೆಲಸಕ್ಕೆ, ಅದರ ಕೊನೆಯಲ್ಲಿ ಮೇಲ್ವಿಚಾರಣೆಯಲ್ಲಿ 10 ಗಂಟೆ ಕುಳಿತು ಮಾಡುವ ಪರೀಕ್ಷೆ. ಇದೂ ಇಯರ್ 11ರ ವಸಂತದಲ್ಲೇ, ಭಾಷೆಗಳ ಮಾತಿನ ಪರೀಕ್ಷೆಗೆ ಸ್ವಲ್ಪ ಮುಂಚೆ ಬರುತ್ತದೆ. ಇತಿಹಾಸವೂ ಬರವಣಿಗೆ ಹೆಚ್ಚಿರುವ ವಿಷಯ. ಎರಡು ಭಾಷೆ ಹೆಚ್ಚಾಯಿತೇ ಎಂದು ಕೇಳುವ ಬದಲು, ಇತಿಹಾಸ, ಚಿತ್ರಕಲೆ ಮತ್ತು ಎರಡು ಭಾಷೆಗಳು ಒಟ್ಟಾಗಿ ಹೆಚ್ಚಾಗುತ್ತವೆಯೇ ಎಂದು ಕೇಳಿಕೊಳ್ಳುವುದು ಸೂಕ್ತ.

ಯಜಮಾನರ ಆತಂಕಕ್ಕೆ ಸಂಬಂಧಿಸಿ: ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪ್ಯೂಟರ್ ಸೈನ್ಸ್ ಪದವಿಗೆ ಇಲ್ಲಿನ ವಿಶ್ವವಿದ್ಯಾಲಯಗಳು ಮುಖ್ಯವಾಗಿ ನೋಡುವುದು ಎ-ಲೆವೆಲ್ (ಜಿಸಿಎಸ್‌ಇಯ ನಂತರದ ಎರಡು ವರ್ಷಗಳ ಓದು) ಗಣಿತವನ್ನು; ಜಿಸಿಎಸ್‌ಇಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರದಿದ್ದರೆ ಆ ದಾರಿ ಮುಚ್ಚಿಹೋಗುವುದಿಲ್ಲ. ಪ್ರೋಗ್ರಾಮಿಂಗ್ ಕಲಿಯುವ ಆಸಕ್ತಿ ಇದ್ದರೆ ಪೈಥಾನ್ ಅನ್ನು ಮನೆಯಲ್ಲೇ ಕಲಿಯಬಹುದು, ಜರ್ಮನ್ ಅನ್ನು ಹಾಗೆ ಒಬ್ಬಳೇ ಕಲಿಯುವುದು ಬಹಳ ಕಷ್ಟ. ಅವಳ ಆಸಕ್ತಿ ಚಿತ್ರಕಲೆಯಲ್ಲೂ ಭಾಷೆಗಳಲ್ಲೂ ಇರುವಾಗ ಮೂರನೆಯದೊಂದನ್ನು ಹೆದರಿಕೆಯಿಂದ ಸೇರಿಸುವುದು ಬೇಡವೆನ್ನುವುದು ನನ್ನ ವಿನಂತಿ.

ಉತ್ತರ: ಧಾರವಾಡದಿಂದ ಒಬ್ಬ ಸಂಶೋಧಕ

ಮುಂದೆ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ನನ್ನ ಕ್ಷೇತ್ರದಿಂದ ಉತ್ತರಿಸುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಮ್ಮ ನಾಡಿನ ಬಗ್ಗೆ ಬರೆದ ಪತ್ರಗಳು ಮತ್ತು ವರದಿಗಳು ಇಂದಿಗೂ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ದಾಖಲೆ ಸಂಗ್ರಹದಲ್ಲಿವೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲ್ ಇಬ್ಬರ ತಾಯ್ನುಡಿಯೂ ಜರ್ಮನ್. ಹತ್ತೊಂಬತ್ತನೆಯ ಶತಮಾನದ ಕರಾವಳಿ, ಧಾರವಾಡ, ಹುಬ್ಬಳ್ಳಿಗಳ ಜನಜೀವನದ ಎಷ್ಟೋ ವಿವರಗಳು ಜರ್ಮನ್ ಕೈಬರಹದಲ್ಲಿ ಹುದುಗಿವೆ. ಕನ್ನಡವನ್ನೂ ಜರ್ಮನ್ನನ್ನೂ ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟಿರುವುದರಿಂದ ಅವನ್ನು ಓದುವವರೇ ಇಲ್ಲವಾಗಿದೆ. ಇತಿಹಾಸ, ಜರ್ಮನ್, ಕನ್ನಡ ಮೂರೂ ಒಬ್ಬಳೇ ಹುಡುಗಿಯ ಬಳಿ ಇವೆ ಎಂದು ತಮ್ಮ ಪ್ರಶ್ನೆಯಲ್ಲಿ ಓದಿದಾಗ ನನಗಾದ ಹಿಗ್ಗನ್ನು ಮುಚ್ಚಿಡಲಾರೆ. ಹಾಗೆಂದು ಹದಿನಾಲ್ಕರ ಮಗುವಿನ ಮೇಲೆ ನಾನು ಸಂಶೋಧನೆಯ ಭಾರ ಹೊರಿಸುತ್ತಿಲ್ಲ.

ನಾನು ಜರ್ಮನ್ ಕಲಿತದ್ದು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಕೆಲಸಕ್ಕೆ ಸೇರಿದ ಮೇಲೆ. ದೊಡ್ಡವರಾದ ಮೇಲೂ ಭಾಷೆ ಕಲಿಯಲು ಸಾಧ್ಯ, ಆದರೆ ಅದಕ್ಕಾಗಿ ಪ್ರತಿ ಗಂಟೆಯನ್ನೂ ಮನೆ ಮತ್ತು ನೌಕರಿಯ ನಡುವೆ ಕಿತ್ತುಕೊಳ್ಳಬೇಕಾಗುತ್ತದೆ. ಶಾಲೆಯಲ್ಲಿ ಆ ಗಂಟೆಗಳನ್ನು ವೇಳಾಪಟ್ಟಿಯೇ ಕೊಡುತ್ತದೆ, ತಿದ್ದಲು ಶಿಕ್ಷಕರೂ ಇರುತ್ತಾರೆ. ಇನ್ನು ಪದವಿಯ ಮಟ್ಟದಲ್ಲಿ ಭಾಷೆಗಳನ್ನೇ ಓದುವುದಾದರೆ, ಇಂಗ್ಲೆಂಡಿನ ಹಲವು ವಿಶ್ವವಿದ್ಯಾಲಯಗಳು ಒಂದನ್ನು ಎ-ಲೆವೆಲ್‌ನಿಂದ ಮುಂದುವರಿಸಿ ಇನ್ನೊಂದನ್ನು ಹೊಸದಾಗಿ ಆರಂಭಿಸಲು ಅವಕಾಶ ಕೊಡುತ್ತವೆ. ಆದ್ದರಿಂದ ಈಗ ಒಂದನ್ನು ಬಿಟ್ಟರೂ ಮುಂದೆ ದಾರಿ ಇದೆ. ಆ ಭಯದಿಂದ ಯಾರೂ ಎರಡನ್ನು ತೆಗೆದುಕೊಳ್ಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಾಲೆಗೆ ಹೋಗಿ ವಿಚಾರಿಸಿದೆವು. ಫ್ರೆಂಚ್ ಮತ್ತು ಜರ್ಮನ್ ಬೇರೆ ಬೇರೆ ಬ್ಲಾಕ್‌ಗಳಲ್ಲಿವೆ, ಪರೀಕ್ಷಾ ಮಂಡಳಿಯೂ ಒಂದೇ. ಜರ್ಮನ್ ತರಗತಿ ನಡೆಯುವುದು ಖಚಿತವೇ ಎಂಬುದು ಅರ್ಜಿಗಳೆಲ್ಲ ಬಂದ ಮೇಲೆ ತಿಳಿಯುತ್ತದಂತೆ. ಅದಕ್ಕಾಗಿ ಮೀಸಲು ಆಯ್ಕೆಯಾಗಿ ಕಂಪ್ಯೂಟರ್ ಸೈನ್ಸ್ ಬರೆಯಲು ಹೇಳಿದ್ದಾರೆ. ಯಜಮಾನರು ಮಿಲ್ಟನ್ ಕೀನ್ಸ್‌ನವರ ಉತ್ತರವನ್ನು ಎರಡು ಸಲ ಓದಿ, ‘ಹಾಗಾದರೆ ಸರಿ’ ಎಂದರು. ಚಿತ್ರಕಲೆಯ ಪೋರ್ಟ್‌ಫೋಲಿಯೊ ವಿಚಾರ ನಮಗೆ ಗೊತ್ತೇ ಇರಲಿಲ್ಲ. ಮಗಳಿಗೆ ಅದನ್ನು ವಿವರಿಸಿ, ಹೊರೆ ಹೆಚ್ಚಾದರೆ ಏನನ್ನು ಬಿಡುತ್ತೀಯೆಂದು ಕೇಳಿದ್ದಕ್ಕೆ, ಬ್ಯಾಡ್ಮಿಂಟನ್ ತರಬೇತಿಯನ್ನು ವಾರಕ್ಕೊಂದಕ್ಕೆ ಇಳಿಸುತ್ತೇನೆ, ಭಾಷೆಗಳನ್ನು ಬಿಡುವುದಿಲ್ಲ ಎಂದಳು. ಶನಿವಾರದ ಕನ್ನಡದ ಬಗ್ಗೆ ಮಾತ್ರ ನನ್ನ ಅಳುಕು ಹಾಗೆಯೇ ಇದೆ.

ಉತ್ತರ: ಲೀಡ್ಸ್‌ನ ಭಾಷಾ ಶಿಕ್ಷಕಿ

ಆ ಅಳುಕು ನ್ಯಾಯವಾದದ್ದೇ. ಜಿಸಿಎಸ್‌ಇಯಲ್ಲಿ ಬಂಗಾಳಿ, ಗುಜರಾತಿ, ಪಂಜಾಬಿ ಮತ್ತು ಉರ್ದು ಭಾಷೆಗಳ ಪರೀಕ್ಷೆಗಳಿವೆ, ಕನ್ನಡಕ್ಕಿಲ್ಲ. ಪ್ರಮಾಣಪತ್ರ ಕೊಡದ ಕಲಿಕೆಯನ್ನು ಇಯರ್ 11ರಲ್ಲಿ ಮಕ್ಕಳು ಮಾತ್ರವಲ್ಲ, ತಂದೆತಾಯಿಯರೂ ಮೊದಲು ಬಿಡಿಸುತ್ತಾರೆ, ಒಂದೇ ವಿದೇಶಿ ಭಾಷೆ ಓದುವವರ ಮನೆಗಳಲ್ಲೂ ಹೀಗೇ ಆಗುತ್ತದೆ. ಕನ್ನಡ ತರಗತಿಯ ಶಿಕ್ಷಕರೊಂದಿಗೆ ಈಗಲೇ ಮಾತನಾಡಿ, ಇಯರ್ 11ರ ಜನವರಿಯಿಂದ ಜೂನ್‌ವರೆಗೆ ಮನೆಗೆಲಸ ಕೊಡದೆ ತರಗತಿಯಲ್ಲಿ ಓದಿಸುವುದನ್ನಷ್ಟೇ ಮುಂದುವರಿಸಲು ಕೇಳಿಕೊಳ್ಳಿ. ಅಜ್ಜಿಗೆ ತಿಂಗಳಿಗೊಂದು ಕಾಗದವನ್ನು ಕನ್ನಡದಲ್ಲೇ ಬರೆಯಿಸಿ. ಒತ್ತಕ್ಷರಗಳು ಮರೆಯದಿರಲು ಅಷ್ಟು ಸಾಕು. ಪರೀಕ್ಷೆ ಮುಗಿದ ಮೇಲೆ ಸೆಪ್ಟೆಂಬರ್‌ವರೆಗೆ ಉದ್ದನೆಯ ರಜೆ ಇರುತ್ತದೆ. ಆ ಬೇಸಿಗೆಯಲ್ಲಿ ಹಾಸನಕ್ಕೆ ಹೋಗುವುದಾದರೆ ಟಿಕೆಟ್‌ಗಳನ್ನು ಮಾತ್ರ ಕೊನೆಯ ಪರೀಕ್ಷೆಯ ಮರುದಿನಕ್ಕೇ ತೆಗೆಯಬೇಡಿ. ಜೂನ್ ಕೊನೆಯಲ್ಲಿ ಮೀಸಲು ಪರೀಕ್ಷಾ ದಿನವೊಂದನ್ನು ಮಂಡಳಿಗಳು ಇಟ್ಟಿರುತ್ತವೆ, ಮಕ್ಕಳು ಆ ದಿನದವರೆಗೆ ಇಲ್ಲೇ ಇರಬೇಕಾಗುತ್ತದೆ.