ಬೆನ್ನುಹುರಿಯಲ್ಲಿ ಔಷಧಿ ಬಿಡುವ ಎಳೆ: ಡಾಕ್ಟರ್ ಮೇಡಂಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಪುನಶ್ಚೇತನ ವಿಭಾಗದ ಡಾಕ್ಟರ್ ಇವತ್ತು ಸಂಜೆ ಗುಂಪಿನಲ್ಲಿರ್ತಾರೆ. ಫಾರ್ವರ್ಡ್ ಹಾಕಬೇಡಿ.

ಆಲ್ದೂರಿನವರು: ಮೇಡಂ, ನನ್ನ ತಮ್ಮ ಹೋದ ವರ್ಷ ಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟು, ಟಿ4 ಅಂದ್ರೆ ಎದೆ ಭಾಗದ ನಾಲ್ಕನೇ ಮಟ್ಟ ಅಂತ ಬರೆದಿದ್ದಾರೆ. ಎದೆಯಿಂದ ಕೆಳಗೆ ಸ್ಪರ್ಶವೇ ಇಲ್ಲ. ಔಷಧಿ ಬಿಡುವ ದಾರ ಇಟ್ಟರೆ ನರ ಬೆಳೆಯುತ್ತೆ ಅಂತ ವಿಡಿಯೋ ಬಂತು. ಹಾಕಿಸಬಹುದಾ? ಬೇರೇನೂ ತೊಂದರೆ ಇಲ್ಲ. ಆಗಾಗ ತಲೆ ಸಿಡಿಯುತ್ತೆ, ಮುಖ ಕೆಂಪಾಗಿ ಬೆವರ್ತಾನೆ. ಮಲಗಿಸಿ ಮಾತ್ರೆ ಕೊಡ್ತೀವಿ.

ಡಾಕ್ಟರ್: ದಾರದ ಮಾತು ಆಮೇಲೆ. ಮೊದಲು ಆ ತಲೆನೋವು. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಕೋಶ ತುಂಬಿದರೆ, ಮಲ ಕಟ್ಟಿದರೆ, ಕೊನೆಗೆ ಉಗುರು ಒಳಕ್ಕೆ ಬೆಳೆದರೂ ಬಿಪಿ ಏಕಾಏಕಿ ಏರುತ್ತೆ. ನೋವು ಮೆದುಳಿಗೆ ಮುಟ್ಟಲ್ಲ, ಕೆಳಗಿನ ರಕ್ತನಾಳಗಳು ಬಿಗಿಯುತ್ತವೆ, ಸಡಿಲಿಸಿ ಅನ್ನುವ ಆದೇಶ ಕೆಳಗಿಳಿಯಲ್ಲ. ಮೆದುಳಲ್ಲಿ ರಕ್ತಸ್ರಾವ ಆಗಿ ಜೀವ ಹೋಗಬಹುದು. ಮಲಗಿಸಬೇಡಿ! ನೇರ ಕೂರಿಸಿ, ಕಾಲು ಇಳಿಬಿಡಿ, ಬೆಲ್ಟ್ ಸಡಿಲಿಸಿ, ಕ್ಯಾತಿಟರ್ (ಮೂತ್ರದ ಪೈಪ್) ಮಡಚಿದೆಯಾ, ಚೀಲ ತುಂಬಿದೆಯಾ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆ. ಅವನ ಮಾಮೂಲಿ ಬಿಪಿಯೇ 100ರ ಆಸುಪಾಸು ಇರಬಹುದು, ಹಾಗಾಗಿ 140 ಕೂಡ ಅವನಿಗೆ ಜಾಸ್ತಿ. ಅಲ್ಲಿನ ಸಿಸ್ಟರ್‌ಗೂ ಇದನ್ನೇ ಹೇಳಿ. ಮೂತ್ರ ಹೇಗೆ ತೆಗೀತೀರಿ? ಈಗಲೇ ಬರೀರಿ.

ಆಲ್ದೂರಿನವರು: ಪೈಪ್ ಇದೆ ಮೇಡಂ. ಬದಲಾಯಿಸಿ ತುಂಬಾ ದಿನ ಆಯ್ತು.

ಡಾಕ್ಟರ್: ನಾಳೆ ಬೆಳಗ್ಗೆಯೇ ಬದಲಾಯಿಸಿ. ರಾತ್ರಿ ತಲೆ ಸಿಡಿದರೆ ಬೆಳಗಿನವರೆಗೆ ಕಾಯಬೇಡಿ.

ಹಾಸನದ ವಿದ್ಯಾರ್ಥಿನಿ: ಮೇಡಂ, ಆ ಎಳೆ ಮಾಡೋದು ಹೇಗೆ?

ಡಾಕ್ಟರ್: ಒಳ್ಳೇ ಪ್ರಶ್ನೆ. ಕರಗುವ ಹೊಲಿಗೆ ದಾರಕ್ಕೆ ಬಳಸುವ ಪಿಎಲ್‌ಜಿಎಯಂಥ ಪಾಲಿಮರನ್ನು ಔಷಧಿ ಜೊತೆ ದ್ರಾವಣ ಮಾಡಿ, ಸೂಜಿಗೆ ಸಾವಿರಾರು ವೋಲ್ಟ್ ಕೊಡ್ತಾರೆ. ದ್ರವ ಚಿಮ್ಮಿ, ಎಳೆದುಕೊಂಡು, ಕೂದಲಿಗಿಂತ ಎಷ್ಟೋ ತೆಳುವಾಗಿ ಒಣಗುತ್ತೆ. ತಿರುಗುವ ಡ್ರಮ್ ಮೇಲೆ ಹಿಡಿದರೆ ಎಳೆಗಳೆಲ್ಲ ಒಂದೇ ದಿಕ್ಕಿಗೆ. ಬಳ್ಳಿಗೆ ಆಸರೆ ಮರ ಇದ್ದ ಹಾಗೆ, ನರದ ತುದಿ ಅದನ್ನು ಹಿಡಿದು ಸಾಗುತ್ತೆ. ಎಳೆ ಕರಗುತ್ತ ಔಷಧಿ ಗಾಯದ ಜಾಗದಲ್ಲೇ ನಿಧಾನವಾಗಿ ಬಿಡುತ್ತೆ: ಉರಿಯೂತ ತಗ್ಗಿಸುವಂಥದ್ದು, ನರ ಬೆಳೆಸುವ ಎನ್‌ಟಿ-3, ಗಾಯದ ಕಲೆಯಲ್ಲಿರುವ ತಡೆ ಕರಗಿಸುವ ಕಾಂಡ್ರಾಯಿಟಿನೇಸ್. ಈ ಕೊನೆಯದು ಮೈಬಿಸಿಗೆ ಬೇಗ ಶಕ್ತಿ ಕಳ್ಕೊಳ್ಳುತ್ತೆ, ಅದೇ ದೊಡ್ಡ ತಲೆನೋವು. ಇದೆಲ್ಲ ಬಹುಪಾಲು ಇಲಿಗಳಲ್ಲಿ, ಹೊಸ ಗಾಯದಲ್ಲಿ, ಕೆಲವೇ ಮಿಲಿಮೀಟರ್ ಅಂತರದಲ್ಲಿ. ಔಷಧಿ ಇಲ್ಲದ ಕರಗುವ ಆಸರೆಯೊಂದನ್ನು ಅಮೆರಿಕದಲ್ಲಿ ಮನುಷ್ಯರಿಗೆ ಇಟ್ಟು ನೋಡಿದ ಪ್ರಯೋಗ 2023ರಲ್ಲಿ ಗುರಿ ಮುಟ್ಟಲಿಲ್ಲ.

ಮೂಡಿಗೆರೆಯವರು: ಎಷ್ಟಾಗುತ್ತೆ? ಎಲ್ಲಿ ಹಾಕ್ತಾರೆ?

ಡಾಕ್ಟರ್: ಎಲ್ಲೂ ಇಲ್ಲ.

ಬೇಲೂರಿನವರು: *ಫಾರ್ವರ್ಡ್* ಹರಳೆಣ್ಣೆ ಹಚ್ಚಿ ಬಿಸಿ ಇಟ್ಟಿಗೆ ಶಾಖ, 41 ದಿನ, ಸತ್ತ ನರ ಎದ್ದೇಳುತ್ತದೆ. ಎಲ್ಲರಿಗೂ ಹಂಚಿ.

ಡಾಕ್ಟರ್: ಯಾರೂ ಮಾಡಬೇಡಿ. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗಲ್ಲ. ಆ ಗಾಯ ತೊಳೆಯೋರು ನಾವು, ಫಾರ್ವರ್ಡ್ ಮಾಡಿದೋರಲ್ಲ.

ಸಕಲೇಶಪುರದವರು: ನಾಟಿ ವೈದ್ಯ ಅಂದ್ರೆ ಅಷ್ಟು ಸದರ ಬೇಡ ಮೇಡಂ. ನಮ್ಮಜ್ಜ ಎದ್ದು ಓಡಾಡಿದ್ರು.

ಮೂಡಿಗೆರೆಯವರು: ನಿಮ್ಮಜ್ಜನಿಗೆ ಬೆನ್ನುಹುರಿ ಹೋಗಿತ್ತಾ, ಸೊಂಟ ಹಿಡ್ಕೊಂಡಿತ್ತಾ ಗೌಡ್ರೇ?

ಸಕಲೇಶಪುರದವರು: ಹಿರಿಯರ ಬಗ್ಗೆ ನಾಲಿಗೆ ಬಿಗಿ ಹಿಡಿದು ಮಾತಾಡಪ್ಪ.

ಕೊಪ್ಪದವರು: ಬೆಲ್ಟ್ ಇಲ್ಲದೆ ಮರ ಹತ್ತಿಸೋ ಸಾಹುಕಾರರನ್ನ ಕೇಳೋರಿಲ್ಲ, ಇಲ್ಲಿ ಎಣ್ಣೆ ಜಗಳ.

ಸಕಲೇಶಪುರದವರು: ಬೆಲ್ಟ್ ಕೊಟ್ರೂ ಕಟ್ಕೊಳ್ಳಲ್ಲ ಕಣ್ರೀ. ನಿಮಗೇನು ಗೊತ್ತು ತೋಟ?

ಕೊಪ್ಪದವರು: ಗೊತ್ತು. ಹತ್ತಿದವನ ಮಗ ನಾನು.

ಅರಕಲಗೂಡಿನವರು: ಮೇಡಂ, ನನಗೆ ಟಿ10. ಮದುವೆ ಮಾತು ನಡೀತಿದೆ, ಮಕ್ಕಳಾಗುತ್ತಾ?

ಕಡೂರಿನವರು: ಬೆಂಗಳೂರಲ್ಲಿ ಒಬ್ಬರು ಸ್ಟೆಮ್ ಸೆಲ್ ಚುಚ್ಚಿ ನಡೆಸ್ತೀನಿ ಅಂತಾರೆ, ಲಕ್ಷಗಟ್ಟಲೆ ಕೇಳ್ತಿದಾರೆ.

ಡಾಕ್ಟರ್: ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಬೆನ್ನುಹುರಿಗೆ ಅದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದ್ರೆ ಸಿಟಿಆರ್‌ಐ, ಅಂದ್ರೆ ದೇಶದ ವೈದ್ಯಕೀಯ ಪ್ರಯೋಗಗಳ ದಾಖಲೆ ಪಟ್ಟಿಯ ನೋಂದಣಿ ನಂಬರ್ ಕೇಳಿ.

ಬೇಲೂರಿನವರು: ಇಟ್ಟಿಗೆ ಬದಲು ಮರಳಿನ ಗಂಟು ಆಗಬಹುದಾ?

ಡಾಕ್ಟರ್: ಮೇಲೆ ಓದಿ.

ಮೂಡಿಗೆರೆಯವರು: ಮೇಡಂ, ಆ ದಾರ ಆನ್‌ಲೈನಲ್ಲಿ ತರಿಸಬಹುದಾ?

ಅಡ್ಮಿನ್: ಸಕಲೇಶಪುರ, ಕೊಪ್ಪ ಇಬ್ಬರೂ ಬೇರೆ ಕಡೆ ಜಗಳ ಆಡ್ಕೊಳ್ಳಿ. ಸಂದೇಶ ಹಾಕೋದನ್ನ ಬಂದ್ ಮಾಡ್ತಿದೀನಿ.

ಡಾಕ್ಟರ್: ಒಂದು ನಿಮಿಷ ತಡೀರಿ. ಆಲ್ದೂರಿನವರೇ, ಚೀಲದಲ್ಲಿ ಮೂತ್ರ ಬರ್ತಿದೆಯಾ? ಅದೊಂದು ಹೇಳಿ.